ಸುಕ್ಕು ಸಹಿಸದ ಸಂಚಾಲಕ

ಗಂಜಿಯಣ್ಣ ತೊಳೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ನಡೆದುಕೊಂಡು ಯಜಮಾನನ ಮನೆಗೆ ಹೋದೀತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆ ಹೆಸರನ್ನು ಯಾರು ಇಟ್ಟರು ಎಂದು ಕೇಳಿದರೆ ಇಡೀ ಬೀದಿಯೇ ಕೈ ಎತ್ತೀತು. ತಾಯಿ ತಂದೆ ಇಟ್ಟ ಹೆಸರು ಬಾಗಿಲ ಮೇಲಿನ ಬೋರ್ಡಿನಲ್ಲಿತ್ತು, ಆದರೆ ಬಿಸಿಲಿಗೆ ಬಣ್ಣ ಹೋಗಿ ಅದು ಇದ್ದೂ ಇಲ್ಲದಂತಾಗಿತ್ತು.

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಕಟ್ಟೆ, ಹಿಂದೆ ಗೂಡುಗೂಡಾದ ಕಪಾಟು, ಗೂಡಿಗೊಂದು ಮನೆಯ ಗಂಟು. ಹಿಂದಿನ ಕೋಣೆಯಲ್ಲಿ ಕಲ್ಲಿನ ತೊಟ್ಟಿ, ಸೋಡಾ ನೀರು ಕುದಿಯುವ ಹಂಡೆ, ಗಂಜಿಯ ಬಕೆಟ್ಟು, ಸೂರಿನಿಂದ ಸೂರಿಗೆ ಎಳೆದ ತಂತಿ. ಆ ಕೋಣೆಗೆ ಕನ್ನಡಕ ಹಾಕಿಕೊಂಡು ಹೋದವರು ಕುರುಡರಾಗಿ ಹೊರಗೆ ಬರುತ್ತಿದ್ದರು, ಅಷ್ಟು ಹಬೆ.

ಸುಕ್ಕು ಕಂಡರೆ ಅವನಿಗೆ ಹಾವು ಕಂಡಂತೆ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರು ಮಗುಚಿಕೊಂಡಿದ್ದರೆ ಕೈ ಚಾಚಿ ಸರಿಮಾಡಿ ಬೈಸಿಕೊಂಡಿದ್ದಾನೆ. ಮಾವ ತೀರಿಕೊಂಡಾಗ ಎಲ್ಲರೂ ಕಣ್ಣೀರಿನಲ್ಲಿದ್ದರೆ ಇವನ ಕಣ್ಣು ಹೊದಿಸಿದ ಬಟ್ಟೆಯ ಮೇಲಿತ್ತು. ಮಡಿಕೆ ಸೊಟ್ಟಗಿದೆ ಎಂದು ಇಸ್ತ್ರಿಪೆಟ್ಟಿಗೆ ತರಲು ಎದ್ದವನನ್ನು ಹೆಂಡತಿ ಅಳುವುದನ್ನು ನಿಲ್ಲಿಸಿ ಮೊಣಕೈ ಹಿಡಿದು ಕೂರಿಸಿದಳು.

ಇಂಥವನ ಬಾಳಿಗೆ ನ್ಯಾನೋ ಎಂಬ ಮಾತು ಬಂದದ್ದು ಒಂದು ಕಲೆಯ ದಾರಿಯಲ್ಲಿ. ಊರಂಚಿನ ಸಂಶೋಧನಾಲಯದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ಬಿಳಿ ಕೋಟನ್ನು ಕಟ್ಟೆಯ ಮೇಲೆ ಇಟ್ಟಳು. ಜೇಬಿನ ತುಂಬ ಶಾಯಿ. ಬೀದಿಯವರೆಲ್ಲ ಅವಳನ್ನು ಲ್ಯಾಬಮ್ಮ ಎನ್ನುತ್ತಿದ್ದರು.

"ಅಷ್ಟು ಓದಿದೀಯ, ಪೆನ್ನಿನ ಮುಚ್ಚಳ ಹಾಕೋದು ಯಾರೂ ಹೇಳಿಕೊಡಲಿಲ್ಲವಾ ತಾಯಿ?" ಎಂದ ಗಂಜಿಯಣ್ಣ.

"ಇನ್ನು ಸ್ವಲ್ಪ ವರ್ಷ ಬೈಕೊಳ್ಳಿ ಅಂಕಲ್. ಆಮೇಲೆ ಬಟ್ಟೆಗೆ ಕಲೆಯೇ ಹಿಡಿಯಲ್ಲ. ನಾನು ಮಾಡ್ತಿರೋ ಕೆಲಸವೇ ಅದು. ತಾವರೆ ಎಲೆ ಮೇಲೆ ನೀರು ಹೆಂಗೆ ನಿಲ್ಲಲ್ವೋ ಹಂಗೆ ಬಟ್ಟೆ ಮೇಲೂ ನಿಲ್ಲಲ್ಲ, ಉರುಳಿ ಹೋಗುತ್ತೆ. ನ್ಯಾನೋ ಲೇಪ."

"ಅದೇನದು ನ್ಯಾನೋ?"

"ಒಂದು ಕೂದಲು ತಗೊಳ್ಳಿ. ಅದರ ದಪ್ಪವನ್ನ ಎಂಬತ್ತು ಸಾವಿರ ಪಾಲು ಮಾಡಿ. ಒಂದು ಪಾಲಿನಷ್ಟು."

"ಅಷ್ಟು ಪಾಲು ಮಾಡೋಕೆ ನಮ್ಮನೇಲಿ ಅಣ್ಣತಮ್ಮಂದಿರು ಸಾಲಲ್ಲ ಕಣಮ್ಮ," ಎಂದು ನಕ್ಕು ಕೋಟು ಒಳಗಿಟ್ಟ.

ನಕ್ಕನೇನೋ ನಿಜ. ಅವಳು ಅತ್ತ ಹೋದ ಮೇಲೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತುಬಿಟ್ಟಿತು, ವಕೀಲರ ಪ್ಯಾಂಟಿಗೆ ಕಂದು ಮಚ್ಚೆ ಬಿತ್ತು. ಹೆಂಡತಿ ವಾಸನೆ ಹಿಡಿದು ಓಡಿ ಬಂದಳು. ವಿಷಯ ಕೇಳಿ ಸೊಂಟದ ಮೇಲೆ ಕೈ ಇಟ್ಟಳು.

"ಲೋಕದಲ್ಲಿ ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಕಥೆ ಬೇರೆ. ಊರವರ ಬಟ್ಟೆ ಕೆಸರಾದರೆ ನಮ್ಮ ಬಾಯಿ ಮೊಸರು. ಆ ಹುಡುಗಿ ನೇರ ಮೊಸರಿನ ಗಡಿಗೆಗೇ ಕೈ ಹಾಕಿದಾಳಲ್ರೀ."

"ಹಂಗಂತ ಬೇಡ ಅಂದ್ರೆ ನಿಲ್ಲುತ್ತಾ? ಬರೋದು ಬರುತ್ತೆ. ಬರೋದರ ಮುಖ ಆದರೂ ನೋಡಿರೋಣ."

ಅಲ್ಲಿಂದ ಹುಳ ಹೊಕ್ಕಿತು. ಲ್ಯಾಬಮ್ಮ ಬಂದಾಗಲೆಲ್ಲ ಹಿಡಿದು ಕೂರಿಸಿ ಕೇಳುವುದೇ ಆಯಿತು. ಆ ಕಣಗಳು ಬಟ್ಟೆಗೆ ಅಂಟುವುದು ಹೇಗೆ, ಉಸಿರಿನಲ್ಲಿ ಒಳಗೆ ಹೋದರೆ ಏನು ಗತಿ, ಕಣ್ಣಿಗೆ ಕಾಣದ್ದನ್ನು ಅಳೆಯುವುದು ಯಾವ ಕೋಲಿನಿಂದ. ಹೊಟ್ಟೆಪಾಡಿನ ಹೆದರಿಕೆಯಿಂದ ಶುರುವಾದದ್ದು ಯಾವಾಗಲೋ ಬರೀ ಕುತೂಹಲವಾಗಿತ್ತು. ಇವನಿಗೋ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ. ನೆನ್ನೆಯ ಗಂಜಿಯಂತೆ ಹುಳಿಯುತ್ತದೆ. ಬಟ್ಟೆ ಕೊಡಲು ಬಂದವರಿಗೆಲ್ಲ ಕೂದಲಿನ ಪಾಲಿನ ಕಥೆ ಹೇಳಿದ. ಕೆಲವರು ಗಂಟು ಎತ್ತಿಕೊಂಡು ಬೇರೆ ಅಂಗಡಿಗೆ ಹೋದರು. ಕೆಲವರು ನಿಂತು ಕೇಳಿದರು. ನಿಂತವರನ್ನು ಭಾನುವಾರ ಬೆಳಗ್ಗೆ ಹಿಂದಿನ ಕೋಣೆಗೆ ಕರೆದು, ಮಗುಚಿದ ಬಕೆಟ್ಟುಗಳ ಮೇಲೆ ಕೂರಿಸಿ, ಟೀ ಕೊಟ್ಟು, ಲ್ಯಾಬಮ್ಮನಿಂದ ಮಾತಾಡಿಸಿದ. ಅದಕ್ಕೆ 'ಅಣುರೇಣು ಕೂಟ' ಎಂದು ಹೆಸರಾಯಿತು, ಅವನು ಸಂಚಾಲಕನಾದ.

ಸಂಚಾಲಕ ಎಂಬ ಮಾತು ಕಿವಿಗೆ ಬಿದ್ದಾಗ ಅವನು ಕೂತಲ್ಲೇ ಒಂದು ಅಂಗುಲ ಎತ್ತರವಾಗುತ್ತಿದ್ದ. ಅಷ್ಟು ವರ್ಷ ಜನ ಅವನ ಹತ್ತಿರ ಆಡಿದ ಮಾತು ಎರಡೇ: ಕಲೆ ಹೋಗುತ್ತಾ, ಯಾವಾಗ ಕೊಡ್ತೀಯ. ಈಗ ಅದೇ ಜನ, "ಸಂಚಾಲಕರೇ, ಮುಂದಿನ ವಾರ ಏನು?" ಎನ್ನುತ್ತಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ತೊಟ್ಟಿಗೆ ಇಳಿದವನಿಗೆ ಇದು ಎಂಥ ರುಚಿ ಎಂಬುದು ಓದಿದವರಿಗೆ ಅಷ್ಟಾಗಿ ತಿಳಿಯದು.

ಕೂಟದ ಕಾಯಂ ಗಿರಾಕಿಗಳಲ್ಲಿ ಇಬ್ಬರ ಮಾತು ಹೇಳಬೇಕು. ಒಬ್ಬ ಅವನ ಹೆಂಡತಿಯ ತಮ್ಮ, ಗೋಡೆಗೆ ಬಣ್ಣ ಬಳಿಯುವವನು. ಲೋಕದಲ್ಲಿ ಯಾವುದೇ ಹೊಸತು ಬಂದರೂ ಅದು ತನಗೆ ಹೋದ ವರ್ಷವೇ ಗೊತ್ತಿತ್ತು ಎನ್ನುವ ಜಾತಿಯವನು. ಪದರದ ಮೇಲೆ ಪದರ ಸುರಿದು ಇಡೀ ಮನೆಯನ್ನೇ ಅಚ್ಚು ಹಾಕುವ ಯಂತ್ರದ ವಿಚಾರ ಬಂದ ವಾರ ಮಾತ್ರ ಅವನ ಬಾಯಿ ಕಟ್ಟಿತು. "ಗೋಡೆನೂ ಅದೇ ಎಬ್ಬಿಸಿ ಬಣ್ಣನೂ ಅದೇ ಬಳಿದರೆ ನಾನೇನು ಏಣಿ ಹಿಡ್ಕೊಂಡು ಫೋಟೋಕ್ಕೆ ನಿಲ್ಲಲಾ ಭಾವ?" ಎಂದು ಕೇಳಿ ಆ ವಾರ ಟೀಯನ್ನೂ ಕುಡಿಯದೆ ಹೋದ.

ಇನ್ನೊಬ್ಬಳು ಬೆಂಚಿನಜ್ಜಿ. ಎಲ್ಲಿ ಕೂರಲು ಜಾಗ ಇದೆಯೋ ಅಲ್ಲಿ ಅವಳಿರುತ್ತಾಳೆ. ಸೊಸೆಯರ ಕಾಟಕ್ಕೆ ಮನೆಯಲ್ಲಿ ಕೂರಲಾರಳು ಎಂದು ಅವಳು, ಅವಳ ಕಾಟಕ್ಕೆ ತಾವು ಕೂರಲಾರೆವು ಎಂದು ಸೊಸೆಯರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೃತಕ ಬುದ್ಧಿಯನ್ನು ಫೋನಿನಲ್ಲಿ ತೋರಿಸಿದ ವಾರ ಅಜ್ಜಿ ಅದಕ್ಕೆ ಒಂದೇ ಪ್ರಶ್ನೆ ಹಾಕಿದಳು: "ನಮ್ಮ ಹಿರೀ ಸೊಸೆಗೆ ನಿಜವಾಗ್ಲೂ ಸೊಂಟ ನೋವಾ, ಇಲ್ಲ ನಾಟಕವಾ?" ಯಂತ್ರ ಸೊಸೆಯ ಕಡೆಗೂ ನ್ಯಾಯ, ಅತ್ತೆಯ ಕಡೆಗೂ ನ್ಯಾಯ ಎಂದು ಉದ್ದಕ್ಕೆ ಹೇಳಿತು. ಅಜ್ಜಿ ಫೋನು ತಿರುಗಿಸಿ ಕೊಟ್ಟಳು. "ಅಡ್ಡಗೋಡೆ ಮೇಲೆ ದೀಪ ಇಡೋದನ್ನ ಇದಕ್ಕೂ ಕಲಿಸಿದಾರೆ. ನನ್ನ ಮಗನಂಗೇ ಮಾತಾಡುತ್ತೆ."

ಇದೇ ಅಜ್ಜಿ ಒಂದು ಭಾನುವಾರ ಬಕೆಟ್ಟು ಚುಚ್ಚುತ್ತದೆ ಎಂದು ಎದ್ದು, ಮೆತ್ತಗೆ ಕಂಡದ್ದರ ಮೇಲೆ ಕೂತಳು. ಅದು ವಕೀಲರ ಕರಿಕೋಟಿನ ಗಂಟು, ಇಸ್ತ್ರಿ ಆಗಿದ್ದದ್ದು. ಗಂಜಿಯಣ್ಣನ ಹೆಂಡತಿ ಅಜ್ಜಿಯನ್ನು ಎಬ್ಬಿಸಿ ಗಂಟು ಎತ್ತಿಕೊಂಡಳು. ಗಂಡನ ಕಡೆ ತಿರುಗಿ, "ಇಲ್ಲಿ ಕೂಟ ಇರಬೇಕು, ಇಲ್ಲ ಅಂಗಡಿ ಇರಬೇಕು. ಎರಡರಲ್ಲಿ ಒಂದು ಹೇಳಿಬಿಡಿ, ನಾನು ಮತ್ತೆ ಕೇಳಲ್ಲ," ಎಂದಳು.

ಕೂಟ ಬೀದಿಯ ಕೊನೆಯ ವಾಚನಾಲಯದ ಹಾಲ್‌ಗೆ ಹೋಯಿತು. ಅಲ್ಲಿಗೆ ಹೋದದ್ದೇ ತಡ, ಸೊರಗತೊಡಗಿತು. ಬಕೆಟ್ಟಿನ ಮೇಲೆ ಕೂತಾಗ ಬಾಯಿಬಿಟ್ಟು ಮಾತಾಡುತ್ತಿದ್ದವರು ಕುರ್ಚಿಯ ಮೇಲೆ ಕೂತ ಕೂಡಲೇ ಸಭ್ಯರಾದರು. ಲ್ಯಾಬಮ್ಮ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸುತ್ತಿದ್ದಳು, ಜನ ತಲೆ ಆಡಿಸುತ್ತಿದ್ದರು, ಆಡಿಸುತ್ತ ಆಡಿಸುತ್ತ ತಲೆ ಎದೆಗೆ ಬೀಳುತ್ತಿತ್ತು. "ಪ್ರಶ್ನೆ ಇದೆಯಾ?" ಎಂದರೆ ಫ್ಯಾನು ತಿರುಗುವ ಸದ್ದು. ಎಲ್ಲ ಸರಿಯಾಗಿಯೇ ಇದ್ದ ಮೇಲೆ ಕೇಳುವುದೇನು? ಇದು ಸಾಲದೆಂದು ಹಲಗೆಯ ತಡಿಕೆಯ ಆಚೆ ನಗೆಕೂಟ. ಅದರ ಮುಖ್ಯಸ್ಥ ಒಬ್ಬ ಹಲ್ಲಿನ ಡಾಕ್ಟರು. ಜನ ಬಾಯಿ ತೆರೆದಿರುವುದನ್ನು ನೋಡುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು. ಇವರು ಇಲ್ಲಿ ಪರಮಾಣುವಿನ ಹತ್ತಿರ ಬರುವ ಹೊತ್ತಿಗೆ ಅಲ್ಲಿ "ಒಂದು, ಎರಡು, ಮೂರು, ನಗಿ" ಎಂದು ಆಜ್ಞೆಯಾಗುತ್ತಿತ್ತು. ಹಹಹಾ ಎಂಬ ಅಲೆ ಬಂದು ತಡಿಕೆ ಅಲುಗಾಡುತ್ತಿತ್ತು.

ಡಾಕ್ಟರಿಗೆ ತಡಿಕೆ ತೆಗೆಸಿ ಇಡೀ ಹಾಲ್ ಬೇಕಿತ್ತು. ವಾಚನಾಲಯದ ಕಾರ್ಯದರ್ಶಿಗಳಿಗೆ ಹೇಳಿಯೂ ಹೇಳಿದರು. ಕಾರ್ಯದರ್ಶಿಗಳು ಗಡಿಯಾರಕ್ಕೂ ಬುದ್ಧಿ ಹೇಳುವಂಥ ನೇಮದ ಮನುಷ್ಯ. ಅವರು ಗಂಜಿಯಣ್ಣನನ್ನು ಕರೆದು ಹೇಳಿದರು: "ನೋಡಿ, ನನಗೆ ಇಬ್ಬರೂ ಒಂದೇ. ನಿಯಮ ಇಷ್ಟೇ: ಹಾಕಿದ ಕುರ್ಚಿಯಲ್ಲಿ ಅರ್ಧವಾದರೂ ತುಂಬಬೇಕು. ಮುಂದಿನ ಭಾನುವಾರ ನಾನೇ ಬಂದು ನೋಡ್ತೀನಿ. ತುಂಬಲಿಲ್ಲ ಅಂದರೆ ಜಾಗ ಅವರಿಗೆ."

"ಕುರ್ಚಿ ಕಡಿಮೆ ಹಾಕಿದರಾಯ್ತು ಭಾವ," ಎಂದ ಬಣ್ಣದವನು, ಪಕ್ಕದಿಂದ.

"ಕುರ್ಚಿ ಹಾಕೋನು ನಾನು," ಎಂದರು ಕಾರ್ಯದರ್ಶಿಗಳು.

ಮನೆಗೆ ಬಂದ ಗಂಜಿಯಣ್ಣ ಉಣ್ಣಲು ಕೂತು ಎದ್ದ. ಹಾಲ್ ಹೋದರೆ ಕೂಟ ಹೋಯಿತು. ಕೂಟಕ್ಕೆ ಅಂಗಡಿಯ ಬಾಗಿಲನ್ನು ಹೆಂಡತಿ ಆಗಲೇ ಮುಚ್ಚಿದ್ದಾಳೆ. ಕೂಟ ಹೋದರೆ ಮತ್ತೆ ಅವನಿಗೆ ಉಳಿಯುವುದು ಅವೆರಡೇ ಮಾತು: ಕಲೆ ಹೋಗುತ್ತಾ, ಯಾವಾಗ ಕೊಡ್ತೀಯ.

ದಾರಿ ತೋರಿಸಿದವಳು ಲ್ಯಾಬಮ್ಮ. "ಚಿತ್ರ ತೋರಿಸಿ ತೋರಿಸಿ ಜನರಿಗೆ ಸಾಕಾಗಿದೆ ಅಂಕಲ್. ಈ ಸಲ ಬಟ್ಟೆನೇ ತರ್ತೀನಿ. ಕಣ್ಣೆದುರು ನೀರು ಉರುಳಿಸಿ ತೋರಿಸೋಣ." ಸುದ್ದಿ ಬೀದಿಯಲ್ಲಿ ಹಬ್ಬಿತು. ಶನಿವಾರ ಮಧ್ಯಾಹ್ನ ಅವಳು ಅಮ್ಮನ ಮನೆಗೆ ಹೊರಟವಳು ಅಂಗಡಿಗೆ ಬಂದು ಒಂದು ಚೀಲ ಕೊಟ್ಟಳು. ಬೆಳಗಿನ ಬಸ್ಸಿಗೆ ಹಿಂತಿರುಗಿ ನೇರ ಹಾಲ್‌ಗೇ ಬರುವುದು, ಬಟ್ಟೆಯನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಒಯ್ಯಲು ಭಯ. "ಇದೊಂದೇ ಇರೋದು. ಇಟ್ಟಿರಿ ಸಾಕು, ಏನೂ ಮಾಡಬೇಡಿ," ಎಂದಳು.

"ನನಗೆ ಹೇಳಬೇಕಾ ತಾಯಿ," ಎಂದ ಅವನು. ಬಟ್ಟೆ ಕಾಪಾಡುವುದೇ ಅಲ್ಲವೇ ಅವನ ಕಸುಬು.

ಚೀಲ ಬಿಚ್ಚಿ ನೋಡಿದ. ಟವೆಲ್ಲಿನಷ್ಟು ಬಿಳಿ ಹತ್ತಿ ಬಟ್ಟೆ. ಮೈತುಂಬ ಸುಕ್ಕು.

ಅವನ ಬೆನ್ನು ಸೆಟೆಯಿತು. ನಾಳೆ ಊರೆಲ್ಲ ಸೇರುತ್ತದೆ. ಸಂಚಾಲಕ ಗಂಜಿಯಣ್ಣನ ಕೈಯಿಂದ, ಗಂಜಿಯಣ್ಣನ ಅಂಗಡಿಯಿಂದ, ಕರು ಅಗಿದು ಉಗುಳಿದಂಥ ಬಟ್ಟೆಯೊಂದು ಮೇಜಿನ ಮೇಲೆ ಬರುತ್ತದೆ. ಏನೂ ಮಾಡಬೇಡಿ ಎಂದಳು ಹುಡುಗಿ, ಸರಿ. ಸುಕ್ಕು ತೆಗೆಯುವುದು ಏನಾದರೂ ಮಾಡಿದಂತೆಯೇ? ಅದು ಮುಖ ಒರೆಸಿದಂತೆ.

ಹಲಗೆಯ ಮೇಲೆ ಹರಡಿ, ಅಭ್ಯಾಸದಂತೆ ಕೈ ಅದ್ದಿ ನೀರು ಚಿಮುಕಿಸಿದ. ಹನಿಗಳು ಮುತ್ತಾಗಿ ನಿಂತವು. ಬಟ್ಟೆಯ ತುದಿ ಎತ್ತಿದರೆ ಉರುಳಿ ಉರುಳಿ ನೆಲಕ್ಕೆ ಹೋದವು; ಒದ್ದೆಯ ಗುರುತೂ ಇಲ್ಲ. ಗಂಜಿಯಣ್ಣನಿಗೆ ಮೈ ಜುಂ ಎಂದಿತು. ಮತ್ತೆ ಚಿಮುಕಿಸಿದ, ಮತ್ತೆ ಉರುಳಿದವು. ಎಳೆಯ ಮಗುವಿನ ಹಾಗೆ ಒಬ್ಬನೇ ನಗುತ್ತ ಆಡಿದ. ಬುದ್ಧಿ ಇದ್ದವನು ಅಲ್ಲಿಗೆ ಮಡಿಚಿ ಇಡುತ್ತಿದ್ದ.

ಆದರೆ ಸುಕ್ಕು ಹಾಗೆಯೇ ಇತ್ತಲ್ಲ. ಒಣ ಬಟ್ಟೆಗೆ ಇಸ್ತ್ರಿ ಎಳೆದ, ಮಡಿಕೆ ನಿಲ್ಲಲಿಲ್ಲ. ಬಟ್ಟೆ ನೀರು ಕುಡಿಯದೆ ಇಸ್ತ್ರಿಗೆ ಬಗ್ಗುವುದಿಲ್ಲ. ಈ ಬಟ್ಟೆ ನೀರು ಕುಡಿಯುವುದಿಲ್ಲ. ತನ್ನ ಆಯುಷ್ಯದಲ್ಲಿ ಯಾವ ಬಟ್ಟೆಯೂ ಅವನಿಗೆ ಆಗುವುದಿಲ್ಲ ಎಂದು ಹೇಳಿರಲಿಲ್ಲ. ಒಂದು ಮೂಲೆ ಮಾತ್ರ, ಎಂದುಕೊಂಡ. ಒಂದು ಮೂಲೆಯನ್ನು ಬಿಸಿ ಸೋಡಾ ನೀರಿಗೆ ಹಿಡಿದು, ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದ. ಮೂಲೆ ಸೋತು ಒದ್ದೆಯಾಯಿತು. ಗಂಜಿಗೆ ಅದ್ದಿ ಇಸ್ತ್ರಿ ಎಳೆದರೆ ಆಹಾ, ಕಾಗದದಂತೆ ನಿಂತಿತು. ಈಗ ಒಂದು ಮೂಲೆ ರಾಜನಂತೆ, ಉಳಿದದ್ದು ಭಿಕ್ಷುಕನಂತೆ. ಹಾಗೆ ಬಿಡುವುದು ಹೇಗೆ? ಎರಡನೆಯ ಮೂಲೆಯನ್ನು ಮೊದಲನೆಯದಕ್ಕೆ ಜೋಡಿಯಾಗಲಿ ಎಂದು ಮಾಡಿದ. ಮೂರನೆಯದು ನಾಲ್ಕನೆಯದು ಬೇಜಾರು ಮಾಡಿಕೊಳ್ಳಬಾರದು ಎಂದು ಮಾಡಿದ. ನಡುವನ್ನು ಬಿಟ್ಟು ಏನು ಪ್ರಯೋಜನ ಎಂದು ಇಡೀ ಬಟ್ಟೆಯನ್ನು ಹಂಡೆಗೆ ಇಳಿಸಿದ.

ಕೊನೆಯ ಮಡಿಕೆ ಎಳೆದು, ಅಂಚಿಗೆ ಅಂಚು ಕೂಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸುಖಪಟ್ಟ. ಆಮೇಲೆ ಒಂದು ಹನಿ ಹಾಕಿದ. ಹನಿ ಬಟ್ಟೆಯೊಳಗೆ ಇಂಗಿ, ತವರಿಗೆ ಬಂದ ಹೆಣ್ಣುಮಗಳಂತೆ ಆರಾಮವಾಗಿ ಹರಡಿಕೊಂಡಿತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಗಂಜಿಯಣ್ಣ ತೊಟ್ಟಿಯ ಅಂಚಿನಲ್ಲಿ ಕುಸಿದು ಕೂತ.

ಹೆಂಡತಿ ಬಂದು ಬಟ್ಟೆ ನೋಡಿದಳು, ಗಂಡನ ಮುಖ ನೋಡಿದಳು, ಕೇಳಬೇಕಾದ್ದೇನೂ ಉಳಿಯಲಿಲ್ಲ. "ಫೋನ್ ಮಾಡಿ ಹೇಳಿ ಆ ಹುಡುಗಿಗೆ. ಈಗಲೇ."

ಮಾಡಿದ. ಆ ಕಡೆ ಬಸ್ಸಿನ ಸದ್ದು, ಲ್ಯಾಬಮ್ಮನ ಹಿಗ್ಗಿದ ದನಿ. "ಅಂಕಲ್, ಅಮ್ಮನಿಗೂ ಹೇಳಿದೀನಿ ನಾಳೆ ವಿಷಯ. ಬಟ್ಟೆ ಜೋಪಾನ ತಾನೇ?"

"ಜೋಪಾನ ತಾಯಿ. ತುಂಬಾನೇ ಜೋಪಾನ ಮಾಡಿದೀನಿ," ಎಂದು ಫೋನು ಇಟ್ಟ.

"ಹೇಳಿದ್ರಾ?"

"ಬಸ್ಸಿನ ಸದ್ದು. ಕೇಳಿಸಲಿಲ್ಲ."

"ನಿಮಗೆ ಕೇಳಿಸಲಿಲ್ಲವೋ, ನಿಮ್ಮ ನಾಲಿಗೆಗೆ ಕೇಳಿಸಲಿಲ್ಲವೋ?"

ಅಷ್ಟರಲ್ಲಿ ಬಣ್ಣದ ಭಾವಮೈದ ಬಂದ. ವಿಷಯ ಕೇಳಿ, ಇದು ತನಗೆ ಹೋದ ವರ್ಷವೇ ಗೊತ್ತಿತ್ತು ಎಂಬಂತೆ ತಲೆ ಆಡಿಸಿದ. "ಇಷ್ಟಕ್ಕೆ ಯಾಕೆ ತಲೆ ಮೇಲೆ ಕೈ ಭಾವ? ಮೇಣದಬತ್ತಿ ಇದೆಯಾ? ಸವರಿ, ಮೇಲೆ ಬೆಚ್ಚಗೆ ಪೆಟ್ಟಿಗೆ ಎಳೀರಿ. ನೀರು ಅದರಪ್ಪನಂಗೆ ಉರುಳುತ್ತೆ."

"ಸುಳ್ಳಿಗೆ ಇಸ್ತ್ರಿ ಹಾಕಿದರೆ ನಿಜ ಆಗಲ್ಲ," ಎಂದಳು ಅವನ ಅಕ್ಕ.

"ಅಕ್ಕಾ, ನಾಳೆ ಒಂದು ದಿನ ದಾಟಲಿ. ಹಾಲ್ ಉಳಿಯುತ್ತೆ. ಆಮೇಲೆ ನಿಧಾನಕ್ಕೆ ಹೇಳಿದರಾಯ್ತು."

ಗಂಜಿಯಣ್ಣ ಹೆಂಡತಿಯ ಮುಖ ನೋಡಲಿಲ್ಲ. ಮೇಣದಬತ್ತಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಕಾರ್ಯದರ್ಶಿಗಳು ಕುರ್ಚಿಗಳನ್ನು ಸಾಲಾಗಿ ಹಾಕಿ, ಕೊನೆಯಲ್ಲಿ ಕೈಕಟ್ಟಿ ನಿಂತಿದ್ದರು. ಬಟ್ಟೆಯ ಸುದ್ದಿಗೆ ಜನ ಬಂದಿದ್ದರು, ಆದರೂ ಅರ್ಧ ಆಗಿದೆಯೋ ಇಲ್ಲವೋ ಎಂಬಂತಿತ್ತು. ಬೆಂಚಿನಜ್ಜಿ ಒಂದು ಕುರ್ಚಿಯ ಮೇಲೆ ಕೂತು ಪಕ್ಕದ್ದರ ಮೇಲೆ ಚೀಲವನ್ನೂ ಅದರ ಪಕ್ಕದ್ದರ ಮೇಲೆ ಕಾಲನ್ನೂ ಇಟ್ಟಿದ್ದಳು. ಅವಳನ್ನು ಒಬ್ಬಳೆಂದು ಲೆಕ್ಕ ಹಾಕಬೇಕೋ ಮೂವರೆಂದೋ ಎಂದು ಕಾರ್ಯದರ್ಶಿಗಳು ಯೋಚಿಸುತ್ತಿದ್ದಂತೆ ಕಾಣಿಸಿತು. ತಡಿಕೆಯ ಆಚೆ ನಗೆಕೂಟ ಹಹಹಾ ಎನ್ನುತ್ತಿತ್ತು.

ಲ್ಯಾಬಮ್ಮ ಬಸ್ಸಿಳಿದು ನೇರ ಬಂದವಳು, ಕೂದಲು ಕೆದರಿತ್ತು, ಮುಖ ಅರಳಿತ್ತು. ಮೇಜಿನ ಮೇಲೆ ಬಟ್ಟೆ ಹರಡಿ ಲೋಟದಿಂದ ನೀರು ಬಿಟ್ಟಳು. ಹನಿಗಳು ಉರುಳಿದವು. ಮುಂದಿನ ಸಾಲಿನವರು "ಓ" ಎಂದು ಕತ್ತು ಚಾಚಿದರು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರು ಸೇರಿಕೊಂಡರು. ಕಾರ್ಯದರ್ಶಿಗಳು ಕುರ್ಚಿಗಳ ಮೇಲೆ ಕಣ್ಣು ಹಾಯಿಸಿ, ಗಂಜಿಯಣ್ಣನ ಕಡೆ ನೋಡಿ, ಆಯಿತು ಎಂಬಂತೆ ಒಮ್ಮೆ ತಲೆ ತಗ್ಗಿಸಿದರು. ಹಾಲ್ ಉಳಿದಿತ್ತು. ಬಣ್ಣದವನು ಭಾವನ ಪಕ್ಕೆಗೆ ತಿವಿದ.

ಅಷ್ಟರಲ್ಲಿ ಲ್ಯಾಬಮ್ಮನ ಬೆರಳು ಬಟ್ಟೆಯ ಮಡಿಕೆಯ ಮೇಲೆ ನಿಂತಿತು. ಎತ್ತಿ ನೋಡಿದಳು. ಬಟ್ಟೆ ಹಲಗೆಯಂತೆ ನೆಟ್ಟಗೆ ನಿಂತಿತು.

"ಅಂಕಲ್, ಇದಕ್ಕೆ ಇಸ್ತ್ರಿ ಮಾಡಿದ್ರಾ?"

"ಸ್ವಲ್ಪ... ಸುಕ್ಕಿತ್ತು ತಾಯಿ."

ಬೈಯುತ್ತಾಳೆ ಎಂದುಕೊಂಡ. ಅವಳ ಕಣ್ಣು ಹೊಳೆಯಿತು. "ಗಂಜಿನೂ ಹಾಕಿದೀರಿ. ಹಂಗಾದ್ರೆ ತೊಳೆದೂ ಇದೀರಿ. ಅಷ್ಟೆಲ್ಲ ಆದ ಮೇಲೂ ಲೇಪ ಉಳಿದಿದೆ?" ಸಭೆಯ ಕಡೆ ತಿರುಗಿದಳು. "ನಿಮಗೆ ಗೊತ್ತಾ, ನಮ್ಮ ಲ್ಯಾಬಲ್ಲಿ ಎಲ್ಲರೂ ಸೋತಿರೋದು ಇಲ್ಲೇ. ಒಂದು ಸಲ ಒಗೆದರೆ ಲೇಪ ಹೋಗುತ್ತೆ. ಈ ಮಿಶ್ರಣ ಬಿಟ್ಟು ಬೇರೆ ದಾರಿ ಹಿಡಿಯೋಣ ಅಂತ ನಮ್ಮ ಸರ್ ನಾಳೆ ತೀರ್ಮಾನ ಮಾಡೋರಿದ್ರು. ಬೇಡ ಅಂತ ಈಗಲೇ ಫೋನ್ ಮಾಡ್ತೀನಿ. ಇದರ ಮೇಲೇ ಇನ್ನೊಂದು ವರ್ಷ ಕೂರ್ತೀವಿ." ಫೋನು ಹುಡುಕಲು ಚೀಲಕ್ಕೆ ಕೈ ಹಾಕಿದಳು.

ಗಂಜಿಯಣ್ಣನಿಗೆ ಕಾಲಡಿಯ ನೆಲ ಸೋಡಾ ನೀರಾಯಿತು. ಹಾಲ್‌ಗೋಸ್ಕರ ಒಂದು ಸುಳ್ಳು ಎಂದುಕೊಂಡಿದ್ದ. ಅದೀಗ ಅವಳ ಒಂದು ವರ್ಷವನ್ನು ಹೊತ್ತುಕೊಂಡು ಬಾಗಿಲ ಕಡೆ ಹೊರಟಿತ್ತು. ಹಿಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಅವನನ್ನೇ ನೋಡುತ್ತಿದ್ದಳು.

"ಫೋನ್ ಮಾಡಬೇಡ ತಾಯಿ," ಎಂದು ಎದ್ದು ನಿಂತ. "ಲೇಪ ಉಳಿದಿಲ್ಲ. ನಾನು ಒಗೆದಾಗಲೇ ಹೋಯ್ತು. ಈಗಿರೋದು ಮೇಣದಬತ್ತಿ."

ಬಣ್ಣದವನು ತನ್ನ ಚಪ್ಪಲಿಯಲ್ಲಿ ಏನೋ ಹೊಸತು ಕಂಡವನಂತೆ ಬಗ್ಗಿದ.

"ಮೇಣದಬತ್ತಿ," ಎಂದಳು ಲ್ಯಾಬಮ್ಮ.

"ಹೂಂ. ಮೊದಲು ಒಂದು ಮೂಲೆ ಮಾತ್ರ ಅಂತ ಮಾಡಿದೆ. ಅದು ಚೆನ್ನಾಗಿ ಬಂತು. ಹಂಗಾಗಿ ಎರಡನೇದು. ಎರಡಾದ ಮೇಲೆ ಮೂರನೇದಕ್ಕೆ ಅನ್ಯಾಯ ಆಗಬಾರದಲ್ಲ..." ಹೇಳುತ್ತ ಹೇಳುತ್ತ ಅವನ ಕೈಗಳು ತಾವಾಗಿಯೇ ಗಾಳಿಯಲ್ಲಿ ಒಂದೊಂದು ಮೂಲೆಯನ್ನೂ ಉಜ್ಜಿ, ಅದ್ದಿ, ಎಳೆದು ತೋರಿಸತೊಡಗಿದವು. ಕೊನೆಗೆ ಸುಕ್ಕಿಲ್ಲದ ಗಾಳಿಯನ್ನು ನೀಟಾಗಿ ಮಡಿಚಿ ಮೇಜಿನ ಮೇಲೆ ಇಟ್ಟ.

ಮೊದಲು ನಕ್ಕವಳು ಬೆಂಚಿನಜ್ಜಿ. "ಮೂರನೇ ಮೂಲೆಗೆ ಅನ್ಯಾಯ ಆಗುತ್ತಂತೆ ಕಣ್ರೋ," ಎಂದು ಚೀಲ ಬೀಳಿಸಿಕೊಂಡು ನಕ್ಕಳು. ಅಲ್ಲಿಂದ ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಬೀದಿಯ ದರ್ಜಿ ನಕ್ಕ, ಔಷಧಿ ಅಂಗಡಿಯವನು ಕನ್ನಡಕ ತೆಗೆದು ನಕ್ಕ. ಆಜ್ಞೆಯಿಲ್ಲದೆ ಬಂದ ನಗು ಬೇರೆಯೇ ಸದ್ದು ಮಾಡುತ್ತದೆ. ತಡಿಕೆಯ ಆಚೆ ಹಹಹಾ ನಿಂತಿತು. ಸಂದಿಯಲ್ಲಿ ಒಂದು ಕಣ್ಣು ಕಂಡಿತು, ಆಮೇಲೆ ಬಾಗಿಲಲ್ಲಿ ಹಲ್ಲಿನ ಡಾಕ್ಟರು, ಅವರ ಹಿಂದೆ ಅವರ ಪೂರಾ ಪರಿವಾರ. "ಏನಾಯ್ತು? ನಮಗೂ ಹೇಳಿ," ಎಂದರು ಡಾಕ್ಟರು, ಮದುವೆಗೆ ಕರೆಯದ ನೆಂಟರ ದನಿಯಲ್ಲಿ.

ನಗದವರು ಇಬ್ಬರೇ. ಗಂಜಿಯಣ್ಣ ಮತ್ತು ಲ್ಯಾಬಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಏನೂ ಮಾಡಬೇಡಿ ಅಂದಿದ್ದೆ ಅಂಕಲ್. ಒಂದೇ ಒಂದು ತುಂಡು ಇತ್ತು."

"ತಪ್ಪಾಯ್ತು ತಾಯಿ," ಎಂದ.

ಆಗ ದರ್ಜಿ ಎದ್ದು ಮೇಜಿನ ಹತ್ತಿರ ಬಂದ. ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ, "ಅಲ್ಲಮ್ಮ, ಒಂದು ಒಗೆತಕ್ಕೇ ಹೋಗುತ್ತೆ ಅಂದ್ರೆ ಅದು ಹಿಡಿದಿದ್ದಾದರೂ ಎಲ್ಲಿ? ದಾರ ತಿರುಚೋ ಮುಂಚೆನೇ ಹಾಕಬೇಕಿತ್ತು," ಎಂದ.

"ಹಾಕಿ ನೋಡಿದೀವಿ. ಆಗಲ್ಲ," ಎಂದಳು ಅವಳು, ಕಣ್ಣೊರೆಸಿಕೊಂಡು.

"ಕೆಳಗೆ ಒಂದು ಪ್ರೈಮರ್ ಕೋಟು ಕೊಡಬೇಕು," ಎಂದ ಬಣ್ಣದವನು, ಚಪ್ಪಲಿ ಮರೆತು. "ಬರೀ ಗೋಡೆಗೆ ಬಣ್ಣ ನಿಲ್ಲುತ್ತಾ?"

"ಕೊಟ್ಟರೆ ಬಟ್ಟೆ ತಗಡಿನಂಗೆ ಆಗುತ್ತೆ. ಯಾರು ಹಾಕ್ಕೊತಾರೆ?"

"ನಮ್ಮ ಭಾವನ ಗಿರಾಕಿಗಳು ಹಾಕ್ಕೊಂತಾರೆ."

"ಹಲ್ಲಿಗೆ ಸಿಮೆಂಟು ಹಾಕೋ ಮುಂಚೆ ನಾವು ಅದರ ಮೈಯನ್ನ ಸ್ವಲ್ಪ ಒರಟು ಮಾಡ್ತೀವಿ," ಎಂದರು ಡಾಕ್ಟರು, ಜನರನ್ನು ಸರಿಸಿಕೊಂಡು ಮುಂದೆ ಬರುತ್ತ.

"ಡಾಕ್ಟ್ರೇ, ಹಲ್ಲು ಗಟ್ಟಿ. ನೂಲನ್ನ ಒರಟು ಮಾಡಿದರೆ ಹರಿದೇ ಹೋಗುತ್ತೆ. ಎಲ್ಲ ಬಂದು ನನಗೆ ಹೇಳ್ತೀರಲ್ಲ, ಸ್ವಲ್ಪ ಕೇಳಿಸಿಕೊಳ್ಳಿ," ಎಂದು ಲ್ಯಾಬಮ್ಮ ಮೇಜು ಕುಟ್ಟಿದಳು. ಗೋಡೆಯ ಮೇಲೆ ಚಿತ್ರ ಬಿಟ್ಟಾಗ ಎಂದೂ ಇಲ್ಲದ ದನಿ ಅದು. ಸೀಮೆಸುಣ್ಣ ತಗೊಂಡು ನೆಲದ ಮೇಲೇ ನೂಲಿನ ಎಳೆ ಬರೆದು, ಕಣ ಎಲ್ಲಿ ಕೂರುತ್ತೆ, ಸೋಡಾ ಎಲ್ಲಿ ಹೊಕ್ಕು ಎಬ್ಬಿಸುತ್ತೆ ಎಂದು ತೋರಿಸಿದಳು. ಯಾರ ಉಪಾಯವೂ ಕೆಲಸಕ್ಕೆ ಬರಲಿಲ್ಲ. ಪ್ರತಿಯೊಬ್ಬರದ್ದನ್ನೂ ಅವಳು ಕಾಲಡಿ ಹಾಕಿ ತುಳಿದಳು. ತುಳಿಸಿಕೊಂಡವರು ಇನ್ನೊಂದು ಉಪಾಯ ತಂದರು. ಎಲ್ಲ ಸರಿಯಿದ್ದಾಗ ನಿದ್ದೆ ಹೊಡೆದ ಜನ, ಒಂದು ಕೆಟ್ಟದ್ದೇ ತಡ, ರಸ್ತೆಯಲ್ಲಿ ಕೆಟ್ಟುನಿಂತ ಗಾಡಿಯ ಸುತ್ತ ಸೇರಿದಂತೆ ಸೇರಿದ್ದರು. ಕೆಟ್ಟದ್ದರ ಬಗ್ಗೆ ಮಾತಾಡಲು ಯಾರಿಗೆ ಯಾರ ಅಪ್ಪಣೆ ಬೇಕು?

ಗಂಜಿಯಣ್ಣನ ಕಣ್ಣು ಮಾತ್ರ ಕುರ್ಚಿಗಳ ಮೇಲೆ ಹೋಯಿತು. ಎಲ್ಲರೂ ಮೇಜಿನ ಸುತ್ತ ಮುಗಿಬಿದ್ದಿದ್ದರಿಂದ ಅಷ್ಟು ಸಾಲು ಕುರ್ಚಿಯಲ್ಲಿ ಒಬ್ಬರೂ ಇರಲಿಲ್ಲ, ಅಜ್ಜಿಯ ಚೀಲ ಒಂದು ಬಿಟ್ಟು. ನಿಯಮದ ಮನುಷ್ಯ ಎಲ್ಲಿ ಎಂದು ಹುಡುಕಿದ. ಕಾರ್ಯದರ್ಶಿಗಳು ಗುಂಪಿನ ನಟ್ಟನಡುವೆ ಮೇಜಿನ ಮೇಲೆ ಬಾಗಿ, ಬಟ್ಟೆಯ ಮೇಲೆ ಲೋಟ ಬಗ್ಗಿಸಿ, "ಸುಮ್ಮನಿರ್ರೀ, ಇನ್ನೊಂದು ಹನಿ ಹಾಕಿ ನೋಡೋಣ," ಎನ್ನುತ್ತಿದ್ದರು.

ಎಲ್ಲ ಚದುರಿದ ಮೇಲೆ ಗಂಜಿಯಣ್ಣ ತಾನಾಗಿಯೇ ಹೋಗಿ ಕೇಳಿದ, "ಕುರ್ಚಿ ತುಂಬಲಿಲ್ಲವಲ್ಲ, ಏನು ಮಾಡೋದು?"

ಕಾರ್ಯದರ್ಶಿಗಳು ಒದ್ದೆಯಾದ ತೋಳನ್ನು ಮಡಿಚಿಕೊಂಡರು. "ನಿಯಮದಲ್ಲಿ ಕುರ್ಚಿ ಅಂತ ಇದೆ, ನಿಜ. ಮುಂದಿನ ಸಲದಿಂದ ಕುರ್ಚಿ ಹಾಕಲ್ಲ. ಹಾಕದ ಕುರ್ಚಿ ತುಂಬಲಿಲ್ಲ ಅಂತ ಯಾರೂ ಹೇಳೋಕಾಗಲ್ಲ."

ಹಾಲ್ ಸಿಕ್ಕಿತು, ಹುಡುಗಿ ಸಿಗಲಿಲ್ಲ. ಅವಳು ಅಂಗಡಿಯ ಕಡೆ ತಲೆಹಾಕದೆ ವಾರಗಳೇ ಕಳೆದವು. ಕೂಟ ನಡೆಯಿತು, ಜನ ನಿಂತುಕೊಂಡೇ ಜಗಳವಾಡಿದರು. ಯಾರೋ ಉಬ್ಬಿ ಒಡೆದ ಬ್ಯಾಟರಿ ತಂದರು, ಯಾರೋ ತಪ್ಪು ದಾರಿ ತೋರಿಸಿ ಕೆರೆಗೆ ಇಳಿಸಿದ ಫೋನು ತಂದರು. ಸಂಚಾಲಕ ಮಾತ್ರ ಬಾಗಿಲ ಕಡೆ ನೋಡುತ್ತಿದ್ದ.

ಒಂದು ಶನಿವಾರ ಅವಳು ಬಂದು ಕಟ್ಟೆಯ ಮೇಲೆ ಚೀಲ ಇಟ್ಟಳು. ಒಳಗೆ ಬಿಳಿ ಬಟ್ಟೆ. ಗಂಜಿಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಹೊಸ ಮಿಶ್ರಣ," ಎಂದಳು. ಮುಖ ಇನ್ನೂ ಪೂರ್ತಿ ಸಡಿಲಾಗಿರಲಿಲ್ಲ. "ಲ್ಯಾಬಿನ ಯಂತ್ರ ಒಗೆಯೋದಕ್ಕೂ ನೀವು ಒಗೆಯೋದಕ್ಕೂ ವ್ಯತ್ಯಾಸ ಇದೆ ಅಂಕಲ್. ಯಂತ್ರಕ್ಕೆ ನಿಮ್ಮಷ್ಟು ಹಟ ಇಲ್ಲ. ನಾಳೆ ಎಲ್ಲರೂ ಇಲ್ಲಿಗೇ ಬರ್ತಾರೆ, ಆಂಟಿನ ಕೇಳಿ ಆಗಿದೆ. ಎಲ್ಲರ ಎದುರು ನಿಮ್ಮ ಕೈಲಿ ಆದಷ್ಟು ಕೆಡಿಸಿ."

"ಬರಲಿ. ಆ ಅಜ್ಜಿ ಮಾತ್ರ ನಿಂತುಕೊಂಡು ನೋಡಬೇಕು," ಎಂದಳು ಹೆಂಡತಿ ಒಳಗಿನಿಂದ.

ಮರುದಿನ ಹಿಂದಿನ ಕೋಣೆಯಲ್ಲಿ ಹಬೆಗಿಂತ ಜನವೇ ಹೆಚ್ಚಿತ್ತು. ಹಂಡೆ ಕುದಿಯುತ್ತಿತ್ತು. ಗಂಜಿಯಣ್ಣ ತೋಳು ಮಡಿಚಿ, ಬ್ರಷ್ಷು ಹಿಡಿದು, ಬಟ್ಟೆಯ ಮುಂದೆ ನಿಂತ. ಬಟ್ಟೆ ಗೆದ್ದರೆ ನಾಳೆ ಅಂಗಡಿಗೆ ಹೊಡೆತ. ತಾನು ಗೆದ್ದರೆ ಈ ಹುಡುಗಿಗೆ ಹೊಡೆತ. ಯಾವುದನ್ನು ಬೇಡಿಕೊಳ್ಳುವುದು ಎಂದು ಗೊತ್ತಾಗದೆ ಹೆಂಡತಿಯ ಕಡೆ ನೋಡಿದ.

"ನನ್ನನ್ನೇನು ನೋಡ್ತೀರಾ," ಎಂದಳು ಅವಳು. "ಉಜ್ಜಿ. ಅರ್ಧಂಬರ್ಧ ಕೆಲಸ ಮಾಡಿ ಗೊತ್ತಿದೆಯಾ ನಿಮಗೆ?"

ಗೊತ್ತಿರಲಿಲ್ಲ. ಅವನು ಮೊದಲನೆಯ ಮೂಲೆಯನ್ನು ಹಿಡಿದು ಉಜ್ಜತೊಡಗಿದ. ಲ್ಯಾಬಮ್ಮ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕನ್ನಡಕದ ಹಬೆಯನ್ನು ಒರೆಸಿಕೊಳ್ಳುತ್ತ, "ಇನ್ನೂ ಜೋರಾಗಿ ಅಂಕಲ್," ಎನ್ನುತ್ತಿದ್ದಳು.